ಗುಂಡಿ

ಹೆಸರಿಟ್ಟಿದ್ದು ನಾನೇ.
ನಾಲ್ಕು ಬ್ಲೌಸು, ಒಂದು ಲಂಗದ ಕೂಲಿ ಕೊಡಲಾಗದೆ
ಬಟ್ಲಹಳ್ಳಿಯ ಗಿರಾಕಿ ತಂದು ಮೇಜಿನ ಮೇಲಿಟ್ಟಾಗ
ಎರಡು ಮುಷ್ಟಿ ಬಿಳಿ ಉಣ್ಣೆ,
ಅದರೊಳಗೆ ಮೂರು ಕಪ್ಪು ಗುಂಡಿ:
ಎರಡು ಕಣ್ಣು, ಒಂದು ಮೂಗು.

ಈಗ ಎಂಟು ತಿಂಗಳು. ಮೂರೂವರೆ ಕೇಜಿ.
ಚಿಂತಾಮಣಿಯ ಚೇಳೂರು ರಸ್ತೆಯ ನನ್ನ ಅಂಗಡಿಯಲ್ಲಿ
ಮಿಷಿನ್ನಿನ ಪೆಡಲು ನಿಂತರೆ ತಲೆ ಎತ್ತುತ್ತದೆ,
ತುಳಿದರೆ ಮಲಗುತ್ತದೆ.
ಯುಗಾದಿ ಆದ ಮೇಲೆ ಹಿಂದಿನ ಎಡಗಾಲು
ನೆಲ ಮುಟ್ಟುವುದನ್ನು ಒಂದೊಂದೇ ಹೆಜ್ಜೆ ಮರೆಯಿತು.
ಮುಳ್ಳಿರಬೇಕೆಂದು ಪಾದ ಬಿಡಿಸಿ ನೋಡಿದೆ.
ಮುಳ್ಳಿರಲಿಲ್ಲ.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು
"ನೋಡಮ್ಮ, ಇದು ತೊಡೆಮೂಳೆಯ ಗುಂಡು, ಇದು ಸೊಂಟದ ಗುಂಡಿ" ಅಂದರು.
ತನ್ನ ಹೆಸರು ಕೇಳಿ ಅದು ಬಾಲ ಆಡಿಸಿತು.
"ರಕ್ತ ಹರಿಯದೆ ಗುಂಡು ಒಳಗೇ ಪುಡಿಯಾಗ್ತಿದೆ.
ಚಿಕ್ಕ ಜಾತಿಯ ಮರಿಗಳಿಗೆ ಬರುತ್ತೆ. ನೀವೇನೂ ತಪ್ಪು ಮಾಡಿಲ್ಲ."
ಆ ಕೊನೆಯ ಮಾತಿಗೇ ನನಗೆ ಅಳು ಬಂದಿದ್ದು.

ಗುಂಡನ್ನು ಕತ್ತರಿಸಿ ತೆಗೆಯುವುದಂತೆ.
ಆ ಜಾಗಕ್ಕೆ ಏನಿಡುತ್ತೀರಿ ಎಂದೆ.
ಏನೂ ಇಲ್ಲ. ಖಾಲಿ.
ಸುತ್ತಲಿನ ಮಾಂಸವೇ ಬಿಗಿದುಕೊಂಡು ಕೀಲಾಗುವುದಂತೆ,
ಹೊಲಿಗೆ ಒಣಗುವ ಮೊದಲೇ ನಡೆಸಬೇಕಂತೆ,
ಮುದ್ದು ಮಾಡಿ ಎತ್ತಿಕೊಂಡರೆ ಕಾಲು ಕೆಟ್ಟಿತಂತೆ.

ಇಪ್ಪತ್ತೆರಡು ವರ್ಷದಿಂದ ಕತ್ತರಿ ಹಿಡಿದವಳು ನಾನು.
ಚಾಕಿನ ಗೆರೆ ಎಳೆದು, ಉಸಿರು ಹಿಡಿದು,
ಮದುವೆ ಹೆಣ್ಣಿನ ರೇಷ್ಮೆಗೂ ಹೆದರದೆ ಕತ್ತರಿ ಇಟ್ಟಿದ್ದೇನೆ.
ಒಳಗೊಂದು ಇಂಚು ಬಿಟ್ಟಿರುತ್ತೇನಲ್ಲ, ಅದರ ಧೈರ್ಯ.
ನಾಳೆ ಮೈ ಬಂದರೆ ಬಿಚ್ಚಿ ಹೊಲಿಯಬಹುದು.
ಮೂಳೆಗೆ ಯಾರು ಇಂಚು ಬಿಟ್ಟಿದ್ದಾರೆ?

ಹೆಬ್ಬಾಳಕ್ಕೆ ಹೋಗಬೇಕು. ಎಲ್ಲ ಸೇರಿ ಇಪ್ಪತ್ತೆಂಟು ಸಾವಿರ.
ಓವರ್‌ಲಾಕ್ ಮಿಷಿನ್ನಿಗೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಸಿದ್ದು ಇಪ್ಪತ್ತೊಂದು.
ಟೊಮೇಟೊ ಮಂಡಿಯ ಸೊಣ್ಣಪ್ಪ, ಪ್ಯಾಂಟು ಗಿಡ್ಡ ಮಾಡಿಸಲು ಬಂದವನು,
"ಆ ದುಡ್ಡಿಗೆ ಇಂಥವು ಐದು ಬರ್ತಾವಕ್ಕ" ಅಂದ.
ಕೆಟ್ಟವನಲ್ಲ. ಲೆಕ್ಕವೂ ಸರಿಯಾಗೇ ಇತ್ತು.
ಅವನ ಪ್ಯಾಂಟು ಅರ್ಧ ಇಂಚು ಹೆಚ್ಚೇ ಗಿಡ್ಡವಾಯಿತು.

ಮೂರು ವಾರ ಹೀಗೇ ದೂಡಿದೆ.
ಗುಳಿಗೆ ನುಂಗಿದ ದಿನ ಅದು ಕುಣಿಯಿತು,
ವಾಸಿಯಾಯಿತೆಂದು ನಾನು ನಂಬಿದೆ.
ಗುಳಿಗೆ ಮುಗಿದ ರಾತ್ರಿ ತನ್ನ ತೊಡೆಯನ್ನೇ ನೆಕ್ಕುತ್ತ ಕೂತಿತು,
ಬೆಳಗಿನ ತನಕ, ಸದ್ದಿಲ್ಲದೆ.

ಮುನಿರತ್ನಮ್ಮತ್ತೆ ಬಂದಳು.
ಮೂರನೇ ವಯಸ್ಸಿನ ಜ್ವರದಲ್ಲಿ ಬಲಗಾಲು ಸೊರಗಿದವಳು.
ಅರವತ್ತು ವರ್ಷ ಅದರಲ್ಲೇ ನೀರು ಹೊತ್ತಳು, ಕಳೆ ಕಿತ್ತಳು;
ಆ ಕಾಲಿನ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.
ನಾನೇ ಎತ್ತಿದೆ: ಕುಂಟಿಕೊಂಡೇ ಇರಲಿ ಬಿಡತ್ತೆ,
ನೀನು ಬದುಕಲಿಲ್ಲವಾ.
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ನಾಯಿಯನ್ನು ಮಡಿಲಿಗೆ ಎಳೆದುಕೊಂಡು
ಸೊಂಟದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು.
ಗುಂಡಿ ಕೂಗಲಿಲ್ಲ. ಕಿವಿ ಹಿಂದಕ್ಕೆ ಮಡಿಸಿ
ಅವಳ ಕೈ ನೆಕ್ಕತೊಡಗಿತು, ಸಾಕು ಎನ್ನುವ ಹಾಗೆ.
"ನನ್ನ ಕಾಲು ಗಿಡ್ಡ ಕಣೇ. ಒಂದು ದಿನವೂ ನೋಯಲಿಲ್ಲ.
ಕುಂಟೋದೇ ಬೇರೆ, ನೋಯೋದೇ ಬೇರೆ.
ನಿಂಗೆ ಇಷ್ಟೂ ಗೊತ್ತಾಗಲ್ವಾ?"
ಸೆರಗಿನ ಗಂಟು ಬಿಚ್ಚಿ ಐನೂರು ಇಟ್ಟಳು,
ಟೀ ಕುಡಿಯದೆ ಎದ್ದು ಹೋದಳು.

ಚೀಟಿ ಎತ್ತಿ ಉಳಿದದ್ದು ಹೊಂದಿಸಿದೆ. ನಾಳೆ ಐದೂವರೆಯ ಬಸ್ಸು.
ರಾತ್ರಿ ಹತ್ತರ ಮೇಲೆ ಏನೂ ತಿನ್ನಿಸಬಾರದು ಎಂದಿದ್ದಾರೆ.
ಹನ್ನೊಂದಕ್ಕೆ ಗುಂಡಿ ಖಾಲಿ ತಟ್ಟೆಯನ್ನು ಮೂಗಿನಿಂದ ತಳ್ಳುತ್ತ
ನನ್ನ ಪಾದದ ತನಕ ತಂದಿತು.

ನಾನೂ ಉಪವಾಸ ಇರೋಣವೆಂದಿದ್ದೆ. ಆಗಲಿಲ್ಲ.
ಬಚ್ಚಲ ಬಾಗಿಲು ಹಾಕಿಕೊಂಡು, ನಿಂತೇ,
ತಣ್ಣಗಾದ ಮುದ್ದೆ, ಹುರುಳಿ ಸಾರು, ನಾಲ್ಕು ತುತ್ತು.
ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ.
ಹೊರಗೆ ಬಂದರೆ ಮೂರು ಕಾಲ ಮೇಲೆ ಕಾಯುತ್ತಿತ್ತು.
ಬೆರಳುಗಳನ್ನು ಒಂದೊಂದಾಗಿ ಮೂಸಿತು.
ಎಲ್ಲ ಗೊತ್ತಾಯಿತು ಅದಕ್ಕೆ.
ಆದರೂ ಮಡಿಲಿಗೆ ಏರಲು ನೋಡಿತು;
ಎತ್ತಿಕೊಂಡೆ, ಇದೊಂದು ರಾತ್ರಿ.