ಹಸಿರು ಹೆಚ್ಚಾದ ಹಾಳೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನಮ್ಮಜ್ಜಿ ಮೌಲಮ್ಮ
ಕಾದ ಮರಳಿಗೆ ಅಕ್ಕಿ ಸುರಿದು
ಚಟಪಟ ಅನ್ನುವಷ್ಟರಲ್ಲಿ ಜರಡಿಗೆ ಎತ್ತುವಳು.
ನಾವು ಹತ್ತಿರ ಸುಳಿಯಬಾರದೆಂದು ಹುಟ್ಟಿಸಿದ ಕತೆ ಅದು:
ಒಂದು ಕಾಳಿತ್ತಂತೆ. ನಾ ಅರಳಂಗಿಲ್ಲ ಅಂತಂತೆ.
ಬಾಣಲೆಯಿಂದ ಜಿಗಿದು, ಹೊಟ್ಟಿನ ಗುಡ್ಡೆ ಹತ್ತಿ,
ಲಾರಿಯ ಟಾರ್ಪಾಲಿನ ಮಡಿಕೆಯಲ್ಲಿ ಕುಂತು
ಹರಿಹರದ ಹೊಳೆ ನೋಡಾಕ ಹೊಂಟಿತಂತೆ...
ಅಷ್ಟರಲ್ಲಿ ನಮಗೆ ನಿದ್ದೆ.

ಮೂವತ್ತು ವರ್ಷದ ಮೇಲೆ ಬರೆದುಕೊಂಡೆ.
ಚಿತ್ರ ತಿಪ್ಪೇಶಿಯದು.
ಮೊದಲ ಪುಟದಲ್ಲೇ ಬೆಳ್ಳಿ ತುರುಬು, ದುಂಡು ಕನ್ನಡಕದ ಅಜ್ಜಿ.
‘ಇದ್ಯಾರಲೇ?’ ಅಂದಳು ಮೌಲಮ್ಮ.
‘ಆಗ ನನಗೆ ನಲವತ್ತೆರಡು. ಬೂದಿ ಕುಂತ್ರೆ ಕೂದಲು ಬೆಳ್ಳಗೆ,
ಕೊಡವಿದ್ರೆ ಮತ್ತೆ ಕರ್ರಗೆ.’
ಪಾಪ, ತಿದ್ದಿದ.
‘ಹೊಗೆ ಎಲ್ಲಿ?’ ಹೊಗೆ ಬರೆದ.
‘ಇದು ಊದುಬತ್ತಿ ಹೊಗೆ. ನಮ್ಮದು ಟೈರಿಂದು.’
ಕರಿ ಬಳಿದ.
ಅವಳು ಕೆಮ್ಮಿದಳು. ಒಪ್ಪಿಗೆ ಅಂತ ತಿಳಿದೆವು.

ಪ್ರಕಾಶಕರದು ಒಂದೇ ಪ್ರಶ್ನೆ: ಕೊನೆ ಏನು?
ಹದಿನಾರನೇ ಪುಟ ಖಾಲಿ ಇದೆಯಲ್ಲ,
ಒಂದು ನೀತಿ ಇದ್ದರೆ ಇನ್ನೂ ಒಳ್ಳೇದು.
ಅಜ್ಜಿಯನ್ನು ಕೇಳಿದೆ.
‘ನಂಗೇನು ಗೊತ್ತು? ನೀವು ಮಲಗಿದ ಮ್ಯಾಲೆ
ಗ್ವಾಡೆಗೆ ಹೇಳ್ಲೇನು?’

ಪ್ರೆಸ್ಸಿನಿಂದ ಬಂದ ಮೊದಲ ಹಾಳೆಗಳಲ್ಲಿ ಹಸಿರು ಹೆಚ್ಚಾಗಿ
ಬಾಣಲೆಯ ಮರಳೆಲ್ಲ ಹುಲ್ಲು ಚಿಗುರಿದಂತಿತ್ತು.
ಬೇಡವೆಂದು ಮೂಲೆಗೆ ಹಾಕಿದೆ.
ಅಜ್ಜಿ ಕಾಗದ ಬಿಸಾಡುವವಳಲ್ಲ. ಚೌಕ ಚೌಕ ಹರಿದು
ಗಲ್ಲಾದ ಪಕ್ಕ ಜೋಡಿಸಿಕೊಂಡಳು, ಪೊಟ್ಟಣಕ್ಕೆ.

ಸಂಜೆ, ಮೆಣಸಿನಕಾಯಿ ಬಜ್ಜಿಯ ಹೊತ್ತು.
ಒಬ್ಬ ಹುಡುಗ ಮಂಡಕ್ಕಿ ಮುಗಿಸಿ ಪೊಟ್ಟಣ ಬಿಚ್ಚಿದ.
ಎಣ್ಣೆ ಕಲೆಯ ನಡುವೆ ಕಾಳು ಲಾರಿ ಹತ್ತುತ್ತಿತ್ತು.
ತುಟಿ ಅಲ್ಲಾಡಿಸುತ್ತ ಓದಿದ. ತಿರುವಿದ.
ಹಿಂದೆ ಬರೀ ಬಿಳಿ.
‘ಅಜ್ಜೀ, ಮುಂದೆ?’

ಮೌಲಮ್ಮ ಸೇರು ಕೆಳಗಿಟ್ಟಳು.
ಮೂರು ಜನ ಗಿರಾಕಿ ಕಾಯುತ್ತಿದ್ದರು.
‘ಮುಂದೆ... ನೀನು ಮಲಗಲ್ಲ ತಾನೆ?’

ನಾನು ಒಳಗಿಂದ ಪೆನ್ನು ಹುಡುಕಿ ತರುವಷ್ಟರಲ್ಲಿ
ಕಾಳು ಆಗಲೇ ಹೊಳೆ ದಾಟಿತ್ತು.
ಗಿರಾಕಿಯೊಬ್ಬ ಕಚ್ಚಿದ ಬಜ್ಜಿ ಕೈಯಲ್ಲೇ ಹಿಡಿದು
ನಿಂತಿದ್ದ, ಬಾಯಿ ತೆರೆದು.