ಮೂರನೇ ಅವಧಿ, ಏಳನೇ ವಾರ

ಗುರುವಾರ ನಾಲ್ಕೂವರೆ. ಜೆರಾಕ್ಸ್ ಯಂತ್ರಕ್ಕೆ ಕೆಮ್ಮು.
ನಾಳೆ ಮಕ್ಕಳ ಚೀಲದಲ್ಲಿ ಮನೆಮನೆಗೆ ಹೋಗಬೇಕಾದ ಓಲೆಗೆ
ಇನ್ನೂ ಅರ್ಧ ಪುಟ ಬಾಕಿ.
ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ,
ಕೆಳಗೆ ಯಾವಾಗಲೂ ಪ್ರಿನ್ಸಿಪಾಲರ ಸಹಿ.

ಮೊದಲು ಹಕ್ಕಿಯ ಸುದ್ದಿ.
ಸೈಕಲ್ ಶೆಡ್ಡಿನ ಪಕ್ಕದ ನೀಲಗಿರಿ ಮರದಲ್ಲಿ
ಮ್ಯಾಗ್ಪೈ ಮೊಟ್ಟೆಯಿಟ್ಟಿದೆ. ಗಂಡುಹಕ್ಕಿ
ಯಾರ ತಲೆಯನ್ನೂ ಬಿಡುತ್ತಿಲ್ಲ.
ಹಿಂದಿನ ಗೇಟು ಬಳಸಿ. ಟೋಪಿ ಕಡ್ಡಾಯ.
(ಸೋಮವಾರ ಫಾದರ್ ಚಿನೆಡು ಅವರಿಗೂ ಕುಕ್ಕಿತು.
'ನಮ್ಮೂರಲ್ಲಿ ಗಿಡುಗ ಕೋಳಿಮರಿ ಒಯ್ಯುತ್ತೆ,
ಇಲ್ಲಿ ಪಾದ್ರಿಯನ್ನೇ' ಅಂತ ನಕ್ಕರು.
ಇದನ್ನು ಬರೆಯಲಿಲ್ಲ.)

ಒಂದನೇ ತರಗತಿಯಲ್ಲಿ ಮತ್ತೆ ಹೇನು.
ಯಾರದೆಂದು ಬರೆಯುವ ಪದ್ಧತಿಯಿಲ್ಲ.
ಎಲ್ಲರೂ ಬಾಚಿಕೊಳ್ಳಿ ಎನ್ನುತ್ತೇವೆ,
ಪಾಪದ ವಿಷಯದಲ್ಲಿ ಹೇಳುವ ಹಾಗೆ.

ಬುಧವಾರದ ಪೂಜೆಯಲ್ಲಿ ವಾಚನ ಓದಿದ್ದು
ನಾಲ್ಕನೇ ತರಗತಿಯ ಅಕುವೊಲ್.
ನೆಬೂಕದ್ನೆಚ್ಚರನ ಮುಂದೆ ಒಂದು ಕ್ಷಣ ನಿಂತಳು,
ಉಸಿರು ತೆಗೆದುಕೊಂಡು
ಕೆಸರುಗುಂಡಿ ದಾಟುವವಳಂತೆ ಹಾರಿಬಿಟ್ಟಳು.
ಹಿಂದಿನ ಬೆಂಚಿನಿಂದ ಅವಳ ಅಜ್ಜಿಯ ಚಪ್ಪಾಳೆ,
ಇಗರ್ಜಿಯಲ್ಲಿ ಹೊಡೆಯಬಾರದೆಂದು
ಯಾರೂ ಹೇಳಲಿಲ್ಲ.

ಶನಿವಾರ ಸಾಸೇಜ್ ಮಾರಾಟ, ಒಂದಕ್ಕೆ ಮೂರು ಡಾಲರು.
ಈರುಳ್ಳಿ ಬಾಡಿಸಲು ಇಬ್ಬರು ಬೇಕು.

ಕಳೆದವಸ್ತುಗಳ ಪೆಟ್ಟಿಗೆಯಲ್ಲಿ ಸ್ವೆಟರು ಒಂಬತ್ತು,
ಎಡಗಾಲಿನ ಬೂಟು ಒಂದು
(ಮಿಕ್ಕ ಕಾಲಲ್ಲಿ ಮನೆಗೆ ಹೇಗೆ ಹೋಯಿತೋ ಮಗು).
ದಯವಿಟ್ಟು ಎಲ್ಲದರ ಮೇಲೂ ಹೆಸರು ಬರೆಯಿರಿ.

ಇವತ್ತು ಸಭಾಂಗಣದಲ್ಲಿ ಅಪ್ಪಂದಿರ ದಿನದ ಅಂಗಡಿ.
ಕಾಲುಚೀಲ, ಮಗ್ಗು, 'ಅಪ್ಪನೇ ರಾಜ' ಎಂಬ ಕೀಗೊಂಚಲು.
ಹತ್ತೂವರೆಗೆ ನನ್ನ ಕಿಟಕಿಯ ಮುಂದೆ ರೆಂಜೊ ಝಾನೆಲ್ಲಿ.
ಅವನ ಅಪ್ಪನ ಹಾಲಿನ ಟ್ಯಾಂಕರ್
ಜೂನ್ ತಿಂಗಳ ಮಂಜಿನಲ್ಲಿ ಸೇತುವೆ ತಪ್ಪಿತ್ತು.
ಮುಷ್ಟಿಯಲ್ಲಿ ನಾಣ್ಯ ಬೆವರುತ್ತಿತ್ತು.
'ಮಿಸೆಸ್ ಪ್ಯಾಸ್ಕೋ, ನಾನೂ ತಗೋಬಹುದಾ?'
ತಗೋಬಹುದು ಅಂದೆ. ಬೇರೆ ಮಾತು ಹೊರಡಲಿಲ್ಲ.
ವಾಪಸು ಬರುವಾಗ ಕೈಯಲ್ಲಿ ಕಾರು ತೊಳೆಯುವ ಸ್ಪಂಜು.
'ಅಪ್ಪನ ಗಾಡಿ ಈಗ ಅಮ್ಮ ಓಡಿಸ್ತಾಳೆ.
ತೊಳೆಯೋದು ನಾನು.'
ಉಳಿದ ಐವತ್ತು ಸೆಂಟನ್ನು ನನಗೇ ತೋರಿಸಿ ಎಣಿಸಿ
ತರಗತಿಗೆ ಹೋದ.

ಅರ್ಧ ಪುಟದಲ್ಲಿ ಈಗ ಕಾಲು ಉಳಿದಿದೆ.

*ನಮ್ಮ ಶಾಲೆಯ ಒಂದು ಕುಟುಂಬಕ್ಕೆ ಊಟದ ನೆರವು ಬೇಕಾಗಿದೆ.
ಸಿಬ್ಬಂದಿ ಕೋಣೆಯ ಫ್ರೀಜರಿನಲ್ಲಿ ಇಟ್ಟುಹೋಗಿ.*
ಹೆಸರು ಹಾಕುವುದಿಲ್ಲ. ಒಂದೇ ಪೆಟ್ರೋಲ್ ಬಂಕಿನ ಊರು,
ಎಲ್ಲರಿಗೂ ಗೊತ್ತು, ಆದರೂ ಹಾಕುವುದಿಲ್ಲ.

ಈ ವಾಕ್ಯವನ್ನು ನಾನು ಹೊಸದಾಗಿ ಬರೆಯುವುದೂ ಇಲ್ಲ;
ಹಳೆಯ ಓಲೆಯಿಂದ ಎತ್ತಿ ಅಂಟಿಸುತ್ತೇನೆ.
ಏಳು ವರ್ಷದ ಹಿಂದೆ ಒಂದು ಗುರುವಾರ
ಹೀಗೇ ಅಂಟಿಸಿ, ತಪ್ಪು ನೋಡಿ,
ತೊಂಬತ್ತಾರು ಪ್ರತಿ ತೆಗೆದು ಮಡಚಿಟ್ಟು
ಮನೆಗೆ ಹೋಗಿ
ಅಡುಗೆಮನೆಯ ದೀಪ ಹಾಕದೆ ಕೂತಿದ್ದೆ.

ಬಂದವು. ಒಂದೇ ವಾರದಲ್ಲಿ ಐದು ಲಸಾಂಞ.
ಡಾರ್ಸಿ ಮುದುಕಿಯ ಮೀನಿನ ಪಲ್ಯ,
ಉಪ್ಪೋ ಉಪ್ಪು, ತಳ ಕೆರೆದು ತಿಂದೆವು.
ಪಾತ್ರೆ ತೊಳೆದು, ತಳದ ಟೇಪಿನ ಹೆಸರು ನೋಡಿ ನೋಡಿ
ಒಂದೊಂದನ್ನೇ ಮುಟ್ಟಿಸಿದೆ.
ಒಂದರ ತಳದಲ್ಲಿ ಟೇಪಿರಲಿಲ್ಲ.
ನೀಲಿ ಗಾಜಿನ ಬೋಗುಣಿ, ಯಾರದು, ಆಫೀಸಿನಲ್ಲಿದೆ, ಎಂದು
ಎಷ್ಟು ಓಲೆಗಳಲ್ಲಿ ಕೇಳಿದೆನೋ.
ಯಾರೂ ಬರಲಿಲ್ಲ. ಕೇಳುವುದನ್ನು ಬಿಟ್ಟೆ.

ಇವತ್ತು ರಾತ್ರಿ ಅದರಲ್ಲಿ ಆಲೂಗಡ್ಡೆ ಹರಡುತ್ತೇನೆ,
ಮೇಲೆ ಚೀಸು, ರೆಂಜೊಗೆ ಇಷ್ಟವಂತೆ.
ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಫ್ರೀಜರಿನಲ್ಲಿಡುತ್ತೇನೆ.
ತಳಕ್ಕೆ ಟೇಪು ಅಂಟಿಸುವುದಿಲ್ಲ.

ಪುಟ ತುಂಬಿತು. ಯಂತ್ರ ಬಿಸಿಯಾಗಿದೆ.
ಫೋನಿನಲ್ಲಿ ಅಕುವೊಲ್‌ಳ ಅಜ್ಜಿ: ಶನಿವಾರ ತಾನು ಬರುವಳಂತೆ.
ತಿದ್ದಬೇಕು ಹಾಗಾದರೆ.
ಈರುಳ್ಳಿಗೆ ಇನ್ನು ಒಬ್ಬರು ಸಾಕು.