ಕೊಲೆಗಾರನ ಕುಪ್ಪಸದ ಅಳತೆ

ಗ್ರಾಂಟ್ ರೋಡಿನ ಹಳೇ ಟಾಕೀಸು, ರಾತ್ರಿ ಆಟ.
ಮೂವತ್ತೇಳು ಜನ, ಒಂದು ಬೆಕ್ಕು, ನಾನು.
ತೆರೆಯ ಮೇಲೆ ಐದನೇ ಕೊಲೆ.
ಪ್ರತಿ ಸಲವೂ ಮೊದಲು ಬಳೆ ಸದ್ದು,
ಆಮೇಲೆ ಮೆಟ್ಟಿಲ ಮೇಲೆ ಸೀರೆಯ ಅಂಚು,
ಆಮೇಲೆ ಚೂರಿ.
ಹೆಂಗಸೇ ಇರಬೇಕು ಎಂದು ನಾವು ನಂಬಲೆಂದು
ಕ್ಯಾಮೆರಾ ಮುಖಕ್ಕೆ ಬರುವುದೇ ಇಲ್ಲ,
ಬೆನ್ನ ಹಿಂದೆ ಬೆನ್ನ ಹಿಂದೆ.

ಆ ಬೆನ್ನು ನನಗೆ ಗೊತ್ತು.
ಗುಳೇದಗುಡ್ಡದ ಖಣ, ತೋಳಿಗೆ ಕಪ್ಪು ಪಟ್ಟಿ.
ಗೋರೆಗಾಂವಿನ ತಗಡಿನ ಶೆಡ್ಡಿನಲ್ಲಿ
ಇಪ್ಪತ್ತೆರಡು ವರ್ಷದ ಹಿಂದೆ
ರಾತ್ರೋರಾತ್ರಿ ಹೊಲಿದವನು ನಾನು.
ಖಣದ ಕುಪ್ಪಸಕ್ಕೆ ಗಂಟು ಮುಂದೆ.
ಹಿಂದಿರಲಿ ಅಂದರು, ಕ್ಯಾಮೆರಾಕ್ಕೆ ಕಾಣಬೇಕು.
ಕಾಣುವುದಕ್ಕೆ ಬೇಕೆಂದರೆ ಮುಗಿಯಿತು, ಹಿಂದೆ ಇಟ್ಟೆ.

ನಟನ ಅಳತೆ ಬಂದಿರಲಿಲ್ಲ.
'ನಿಂದೇ ಮೈ ಅಳೆದುಕೋ ಮಾಸ್ಟರ್, ಗಂಡಸಿನ ಎದೆ ತಾನೆ?'
ಎದೆ ಮೂವತ್ತಾರು, ಭುಜ ಹದಿನೈದೂವರೆ.
ಬರೆಯುವ ಕೈ ನನ್ನದು,
ಟೇಪು ಹಿಡಿದ ಕೈ ಭಾಲಚಂದ್ರನದು,
ಲೈಟು ಹೊತ್ತು ಹೊತ್ತು ಸುಟ್ಟ ಬೆರಳು
ಬೆನ್ನಿನ ಮೇಲೆ
ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತವು.
ಅಲ್ಲಿಂದ ಇನ್ನೂ ತೆಗೆದಿಲ್ಲ.
(ಚಾಳಿನವರ ಲೆಕ್ಕಕ್ಕೆ ನಾವು ರೂಮ್ ಪಾರ್ಟ್ನರು.)

ಹೊಲಿದ ಮೇಲೆ ಸರಿಬಂತೋ ನೋಡಬೇಕಲ್ಲ.
ತೊಟ್ಟೆ. ಗಂಟು ಅವನು ಕಟ್ಟಿದ.
ಆ ರಾತ್ರಿ ಯಾರೂ ಸಾಯಲಿಲ್ಲ.
ಚಹಾ ಆರಿತು, ಅಷ್ಟೇ.

ಈಗ ಕೊನೆಯ ರೀಲು. ಇನ್ಸ್‌ಪೆಕ್ಟರ್ ವಿಗ್ ಕೀಳುತ್ತಾನೆ.
ಬಿಡುಗಡೆಯ ದಿನ ಇದೇ ಟಾಕೀಸು ಚೀರಿತ್ತು,
ಚೀರಿದ ಬಾಯಿ ಮುಚ್ಚುವ ಮೊದಲೇ ನಕ್ಕಿತ್ತು.
ಐದು ಹೆಣಕ್ಕೆ ಬೆಚ್ಚದವರು
ಒಂದು ಬೋಳು ತಲೆಗೆ ಬೆಚ್ಚಿದ್ದರು.
ದೀಪ ಹತ್ತುವ ಮೊದಲೇ ನಾನು ಎದ್ದು ಹೋಗಿದ್ದೆ.
ಇಂದು ಕೂತಿದ್ದೇನೆ. ಇಬ್ಬರು ನಕ್ಕರು.
ಹಿಂದಿನಿಂದ ಯಾರೋ 'ಶ್' ಎಂದರು.

ತೆರೆಯ ಮೇಲಿನ ಡಾಕ್ಟರು ಕಾರಣ ಹೇಳುತ್ತಿದ್ದಾನೆ:
ಚಿಕ್ಕಂದಿನಲ್ಲಿ ತಾಯಿಯ ಸೀರೆ ಉಟ್ಟಿದ್ದನಂತೆ.
ನಾನೂ ಉಟ್ಟಿದ್ದೆ, ಮಗ್ಗದ ಕುಣಿಯ ಪಕ್ಕ,
ಅವ್ವನ ಇಳಕಲ್ಲು, ಮೈಗಿಂತ ಸೀರೆಯೇ ಹೆಚ್ಚು.
ಬಾಗಿಲಲ್ಲಿ ನಿಂತು ನೋಡಿದವಳು
'ನಿರಿಗಿ ಸರಿ ಹಿಡಿ, ಎಡವಿ ಬೀಳ್ತಿ' ಅಂದಳು.
ಕೊಲೆ ಹುಟ್ಟಲಿಕ್ಕೆ ಅಷ್ಟು ಸಾಕೆ?

ಆಟದ ನಂತರ ಚರ್ಚೆ.
ಮೈಕು ಹಿಡಿದ ಅನಾಹಿತಾ ಎಂಬ ಹುಡುಗಿ:
ಒಡೆದ ಕನ್ನಡಿ ಎಂದರೆ ಒಡೆದ ಮನಸ್ಸು,
ನೆಲಮಾಳಿಗೆ ಎಂದರೆ ಅದುಮಿಟ್ಟ ಬಯಕೆ,
ಕುಪ್ಪಸದ ಕೆಂಪು ಎಂದರೆ.
ಕೈ ಎತ್ತಬೇಕೆನಿಸಿತು.
ಕನ್ನಡಿ ಒಡೆದದ್ದು ಭಾಲಚಂದ್ರನ ಮೊಣಕೈ ತಗುಲಿ,
ಪಗಾರದಲ್ಲಿ ಮುನ್ನೂರು ಮುರಿದರು.
ನೆಲಮಾಳಿಗೆ ಇರಲೇ ಇಲ್ಲ ತಾಯಿ,
ಎರಡನೇ ಮಾಳಿಗೆಗೆ ಕರಿಬಟ್ಟೆ ಕಟ್ಟಿದ್ದು.
ಕೆಂಪು, ನನ್ನ ಟ್ರಂಕಿನಲ್ಲಿ ಉಳಿದಿದ್ದ ಒಂದೇ ಖಣ.

ಆದರೆ ಅವಳು ಮುಂದುವರಿದಳು:
ಇಡೀ ಚಿತ್ರದಲ್ಲಿ ಅವನನ್ನು ಯಾರೂ ಮುಟ್ಟುವುದಿಲ್ಲ,
ಗಮನಿಸಿದಿರಾ? ಹೊಡೆಯುವುದಕ್ಕಷ್ಟೇ ಕೈಗಳು ಬರುತ್ತವೆ.

ಕೈ ಎತ್ತಲಿಲ್ಲ.
ಅಳತೆ ತೆಗೆಯುವವನು ನಾನು, ಮುಟ್ಟುವುದೇ ಕಸುಬು,
ನನಗೇ ಹೊಳೆದಿರಲಿಲ್ಲ.
ಅವ್ವನ ಗಂಟು ಮುಂದಿತ್ತು, ತಾನೇ ಕಟ್ಟಿಕೊಳ್ಳುತ್ತಿದ್ದಳು.
ಬೆನ್ನಿನ ಗಂಟನ್ನು ಒಬ್ಬರೇ ಕಟ್ಟಿಕೊಳ್ಳಲಾಗದು,
ಹಿಂದೆ ಯಾರಾದರೂ ನಿಲ್ಲಬೇಕು.
ಐದು ಕೊಲೆ, ಐದು ರಾತ್ರಿ,
ಅಷ್ಟು ಓರಣವಾದ ಗಂಟು.
ಅವನಿಗೆ ಕಟ್ಟುತ್ತಿದ್ದವರು ಯಾರು?
ಕಥೆ ಬರೆದವರು ಆ ಕೋಣೆಗೆ
ಒಂದು ಕುರ್ಚಿಯನ್ನೂ ಹಾಕಿರಲಿಲ್ಲ.

ಸ್ಟೇಷನ್ನಿನ ಸೇತುವೆಯ ಕೆಳಗೆ ಭಾಲಚಂದ್ರ ಕಾದಿದ್ದ,
ಮಂಡಿ ನೋವು, ಮೇಲೆ ಹತ್ತುವುದಿಲ್ಲ ಈಗ.
ಹೇಗಿತ್ತು ಎಂದು ಮರಾಠಿಯಲ್ಲಿ ಕೇಳಿದ.
'ಹೊಲಿಗೆ ಚಲೋ ಕಂಡಿತು' ಎಂದೆ, ನನ್ನ ಭಾಷೆಯಲ್ಲಿ.
ಕೊನೆಯ ಲೋಕಲ್ಲು ಒಂದು ಗಂಟೆಗೆ.